ಯೂಮಿಂಗ್ ಹಾಡುಗಳನ್ನು ಎಲ್ಲಿಂದ ಕೇಳಲು ತೊಡಗಬೇಕು?

ಪ್ರಶ್ನೆ: ಜಪಾನಿನ ಅನಿಮೇಷನ್ ನಿರ್ದೇಶಕ ಮಿಯಾಝಾಕಿ ಹಯಾಓ ಅವರ ‘ಕಿಕೀಸ್ ಡೆಲಿವರಿ ಸರ್ವಿಸ್’ ಚಿತ್ರವನ್ನು ಮಕ್ಕಳ ಜೊತೆ ನೋಡಿದಾಗ ಅದರ ಮೊದಲಿನ ಮತ್ತು ಕೊನೆಯ ಹಾಡುಗಳು ಬಹಳ ಹಿಡಿಸಿದವು. ‘ದಿ ವಿಂಡ್ ರೈಸಸ್’ ಚಿತ್ರದ ಕೊನೆಗೆ ಬರುವ ಹಾಡೂ ಅದೇ ಗಾಯಕಿ ಮತ್ಸುತೋಯಾ ಯೂಮಿ ಅವರದೆಂದು ಆಮೇಲೆ ತಿಳಿಯಿತು. ಅವರ ಹಾಡುಗಳು ನಾನೂರಕ್ಕೂ ಹೆಚ್ಚಿವೆ. ಯಾವುವನ್ನು, ಯಾವ ಕ್ರಮದಲ್ಲಿ ಕೇಳಬೇಕು? ನಾನು ಬೆಂಗಳೂರಿನಲ್ಲಿ ಜಪಾನೀ ಭಾಷೆ ಕಲಿಯುತ್ತಿದ್ದೇನೆ, ಎನ್-5ರಿಂದ ಎನ್-1ರವರೆಗೆ ಏರುವ ಭಾಷಾ ಪರೀಕ್ಷೆಯ ಎನ್-4 ಹಂತದಲ್ಲಿದ್ದೇನೆ. ಕರ್ನಾಟಕ ಸಂಗೀತ ಬಲ್ಲ ನಮ್ಮ ಮನೆಯ ಹಿರಿಯರು ಈಕೆಯ ದನಿ ಸಪ್ಪೆ ಎನ್ನುತ್ತಾರೆ. ಅದು ನಿಜವೇ?

ಉತ್ತರ: ನಿಮ್ಮ ಪ್ರಶ್ನೆಗಳಿಗೆಲ್ಲ ಒಂದೇ ಕಡೆಯಿಂದ ಉತ್ತರ ಆರಂಭಿಸಬಹುದು. ಮತ್ಸುತೋಯಾ ಯೂಮಿ, ಜಪಾನಿನಲ್ಲಿ ಎಲ್ಲರೂ ಕರೆಯುವಂತೆ ‘ಯೂಮಿಂಗ್’, ಗಾಯಕಿಯಾಗಬೇಕೆಂದು ಹೊರಟವರಲ್ಲ. ಚಿತ್ರ ಬರೆಯುವುದನ್ನೂ ಹಾಡು ಕಟ್ಟುವುದನ್ನೂ ಕಲಿತು, ತಾನು ಕಟ್ಟಿದ್ದನ್ನು ಬೇರೆಯವರು ಹಾಡಲಿ ಎಂದುಕೊಂಡಿದ್ದವರು. ಆದ್ದರಿಂದ ಅವರ ಹಾಡುಗಳಲ್ಲಿ ದನಿಗಿಂತ ಮೊದಲು ಕಣ್ಣು ಕೆಲಸ ಮಾಡುತ್ತದೆ. ಅವರ ಒಳ್ಳೆಯ ಹಾಡುಗಳಲ್ಲಿ ಕೈಗೆ ಸಿಗುವಂಥ, ಬೆರಳಿಟ್ಟು ತೋರಿಸಬಹುದಾದಂಥ ಏನಾದರೂ ಒಂದು ಇದ್ದೇ ಇರುತ್ತದೆ: ಒಂದು ಸೋಡಾ ಲೋಟ, ಅಗ್ಗದ ಚಪ್ಪಲಿ, ಒಂಟಿಯಾಗಿ ಉಳಿದ ಮುತ್ತಿನ ಓಲೆ. ಹಾಡಿನ ಸಂತೋಷವಾಗಲಿ ಸಂಕಟವಾಗಲಿ ಆ ವಸ್ತುವಿನ ಮೂಲಕವೇ ನಮ್ಮನ್ನು ತಲುಪುತ್ತದೆ. ಕೆಳಗಿನ ಹಾಡುಗಳನ್ನು ಆರಿಸುವಾಗ ನಾನು ಇಟ್ಟುಕೊಂಡ ಅಳತೆಗೋಲು ಬಹುಮಟ್ಟಿಗೆ ಅದೊಂದೇ. ಯಾವುದು ಎಷ್ಟು ಪ್ರತಿ ಮಾರಾಟವಾಯಿತೆಂಬ ಲೆಕ್ಕವನ್ನು ಬದಿಗಿಟ್ಟಿದ್ದೇನೆ.

ಹಾಡುಗಳಿಗೆ ಹೋಗುವ ಮೊದಲು ಹಿನ್ನೆಲೆಯನ್ನು ಸ್ವಲ್ಪ ತಿಳಿದಿದ್ದರೆ ಅನುಕೂಲ. ಅವರು ಹುಟ್ಟಿದ್ದು 1954ರ ಜನವರಿ 19ರಂದು, ಟೋಕಿಯೋದ ಪಶ್ಚಿಮ ಭಾಗದ ಹಚಿಓಜಿ ಎಂಬ ಊರಿನಲ್ಲಿ. ರೇಷ್ಮೆ ಮತ್ತು ನೇಯ್ಗೆಗೆ ಹೆಸರಾಗಿದ್ದ ಆ ಊರಿನಲ್ಲಿ ಅವರ ಮನೆಯವರು ಕಿಮೋನೋ ಬಟ್ಟೆಗಳ ಅಂಗಡಿ ನಡೆಸುತ್ತಿದ್ದರು. ಅರಾಯ್ ಎಂಬುದು ತವರಿನ ಹೆಸರು. 1976ರವರೆಗಿನ ರೆಕಾರ್ಡ್‌ಗಳೆಲ್ಲ ಅರಾಯ್ ಯೂಮಿ ಎಂಬ ಹೆಸರಿನಲ್ಲೇ ಇರುವುದರಿಂದ ಹುಡುಕುವಾಗ ಇದನ್ನು ನೆನಪಿಡಬೇಕು. ಆರನೆಯ ವಯಸ್ಸಿನಿಂದ ಪಿಯಾನೋ, ಆಮೇಲೆ ಮೂರು ತಂತಿಯ ಶಮಿಸೆನ್ ಕಲಿತರು. ರಿಕ್ಕ್ಯೋ ಜೊಗಾಕುಇನ್ ಎಂಬ ಕ್ರೈಸ್ತ ಮಿಷನ್ ಶಾಲೆಯಲ್ಲಿ ಓದುವಾಗ ಅಲ್ಲಿನ ಪ್ರಾರ್ಥನಾ ಮಂದಿರದ ಪೈಪ್ ಆರ್ಗನ್ನಿನ ನಾದ ಅವರ ಕಿವಿಯಲ್ಲಿ ಕೂತಿತು. ಹಚಿಓಜಿಯ ಆಸುಪಾಸಿನಲ್ಲಿ ತಚಿಕಾವಾ, ಯೊಕೊತಾ ಮುಂತಾದ ಅಮೆರಿಕನ್ ವಾಯುನೆಲೆಗಳಿದ್ದುದರಿಂದ ಇಂಗ್ಲಿಷ್ ಪಾಪ್ ಮತ್ತು ರಾಕ್ ಸಂಗೀತವೂ ಬೇಗನೆ ಪರಿಚಯವಾಯಿತು. ಬ್ರಿಟನ್ನಿನ ಪ್ರೋಕೋಲ್ ಹೇರಮ್ ತಂಡದ ‘ಎ ವೈಟರ್ ಶೇಡ್ ಆಫ್ ಪೇಲ್’ ಎಂಬ ಹಾಡಿನಲ್ಲಿ ಹಳೆಯ ಜರ್ಮನ್ ಸಂಗೀತಕಾರ ಬಾಖ್‌ನ ಛಾಯೆಯ ಆರ್ಗನ್ ಸಂಗೀತವನ್ನು ಕೇಳಿದಾಗ, ಪ್ರಾರ್ಥನಾ ಮಂದಿರದ ನಾದವನ್ನೂ ರೇಡಿಯೋ ಹಾಡನ್ನೂ ಬೆಸೆಯಬಹುದೆಂಬುದು ಅವರಿಗೆ ಹೊಳೆಯಿತು. ಈ ಋಣವನ್ನು ಅವರು ಎಂದೂ ಮುಚ್ಚಿಟ್ಟಿಲ್ಲ. 2012ರಲ್ಲಿ ತಮ್ಮ ಗಾಯನದ ನಲವತ್ತನೆಯ ವರ್ಷದ ಸಂಕಲನಕ್ಕೆ ಅದೇ ತಂಡದೊಂದಿಗೆ ಅದೇ ಹಾಡನ್ನು ಧ್ವನಿಮುದ್ರಿಸಿದರು.

ಮುಂದೆ ತಮಾ ಕಲಾ ವಿಶ್ವವಿದ್ಯಾಲಯದಲ್ಲಿ ಜಪಾನಿನ ಸಾಂಪ್ರದಾಯಿಕ ಚಿತ್ರಕಲೆಯನ್ನು ಓದಿದರು. ಹದಿನೇಳರ ವಯಸ್ಸಿನಲ್ಲೇ ಅವರು ಕಟ್ಟಿದ ಹಾಡೊಂದು ಬೇರೆ ಗಾಯಕರ ರೆಕಾರ್ಡಿನಲ್ಲಿ ಬಂದಿತ್ತು. ನೀನೇ ಹಾಡು ಎಂದು ಒತ್ತಾಯಿಸಿದವರು ಆಲ್ಫಾ ಎಂಬ ಸಂಗೀತ ಸಂಸ್ಥೆಯ ಮುರಾಯ್ ಕುನಿಹಿಕೊ. 1972ರ ಜುಲೈನಲ್ಲಿ ಬಂದ ಮೊದಲ ರೆಕಾರ್ಡ್ ಸುಮಾರು 300 ಪ್ರತಿಗಳಷ್ಟೇ ಖರ್ಚಾಯಿತು.

ಇನ್ನು ದನಿಯ ವಿಷಯ. ನಿಮ್ಮ ಮನೆಯ ಹಿರಿಯರು ಗುರುತಿಸಿದ ಲಕ್ಷಣ ಸರಿಯಾದುದೇ. ಅದನ್ನು ದೋಷವೆಂದು ಎಣಿಸುವುದನ್ನು ಮಾತ್ರ ನಾನು ಒಪ್ಪಲಾರೆ. 1973ರ ನವೆಂಬರಿನಲ್ಲಿ ಬಂದ ಮೊದಲ ಆಲ್ಬಂ ‘ಹಿಕೋಕಿಗುಮೊ’ವಿನ ಧ್ವನಿಮುದ್ರಣಕ್ಕೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅವರ ದನಿಯಲ್ಲಿ ಸಹಜವಾಗಿಯೇ ಒಂದು ಸಣ್ಣ ನಡುಕವಿತ್ತು, ಅದನ್ನು ಸಂಪೂರ್ಣ ತೆಗೆದುಹಾಕಬೇಕೆಂದು ಧ್ವನಿಮುದ್ರಣದ ನಿರ್ದೇಶಕರು ಪಟ್ಟುಹಿಡಿದರು. ಒಂದೊಂದು ಸಾಲನ್ನೂ ಮತ್ತೆ ಮತ್ತೆ ಹಾಡಿಸಿ, ಸ್ವರ ಅಲುಗದೆ ನಿಲ್ಲುವವರೆಗೆ ಬಿಡಲಿಲ್ಲ. ಆದ್ದರಿಂದ ನಾವು ಕೇಳುವ ಆ ನೇರ, ಅಲಂಕಾರವಿಲ್ಲದ ದನಿ ಅಸಾಮರ್ಥ್ಯದಿಂದ ಬಂದದ್ದಲ್ಲ, ಬೇಕೆಂದೇ ಕಷ್ಟಪಟ್ಟು ಮಾಡಿಕೊಂಡದ್ದು. ಕರ್ನಾಟಕ ಸಂಗೀತದಲ್ಲಿ ಭಾವ ನೆಲೆಸುವುದು ಗಮಕದಲ್ಲಿ. ಒಂದು ಸ್ವರ ತನ್ನ ನೆರೆಯ ಸ್ವರಗಳ ಕಡೆಗೆ ತೂಗುವುದರಲ್ಲಿಯೇ ರಾಗದ ಮುಖ ಕಾಣುತ್ತದೆ. ಇಲ್ಲಿ ಹಾಗಿಲ್ಲ. ಹಾಡುವವರ ಸ್ವರ ನಿಂತಲ್ಲೇ ನಿಂತಿರುತ್ತದೆ, ಅದರ ಕೆಳಗೆ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು, ಬದಲಾಗುತ್ತ ಹೋಗುತ್ತವೆ. ಕಾರ್ಡ್ ಬದಲಾದಂತೆ ಅದೇ ಸ್ವರ ಒಮ್ಮೆ ನಿಶ್ಚಿಂತವಾಗಿಯೂ ಮರುಕ್ಷಣವೇ ಅನುಮಾನದಿಂದ ಕೂಡಿದಂತೆಯೂ ಕೇಳಿಸುತ್ತದೆ. ದನಿ ಅಲುಗಿದ್ದರೆ ಈ ಬಣ್ಣಬದಲಾವಣೆ ಮಸುಕಾಗುತ್ತಿತ್ತು. ಹಿರಿಯರನ್ನು ಕೂರಿಸಿಕೊಂಡು ಕೇಳುವುದಾದರೆ, ಒಂದು ಸಲ ಹಾಡನ್ನು ಬಿಟ್ಟು ಬೇಸ್ ಗಿಟಾರ್ ಮತ್ತು ಕೀಬೋರ್ಡ್‌ಗಳನ್ನಷ್ಟೇ ಗಮನಿಸಲು ಹೇಳಿ. ಎರಡನೆಯ ಸಲ ದನಿಗೆ ಹಿಂದಿರುಗಿದಾಗ ಸಪ್ಪೆ ಎಂಬ ಮಾತು ಬಹುಶಃ ಬರಲಾರದು. ಹಾಗೆ ಗಮನಿಸಲು ಯೋಗ್ಯವಾದ ವಾದ್ಯಗಾರರೂ ಅಲ್ಲಿದ್ದರು: ಬೇಸ್‌ನಲ್ಲಿ ಹೊಸೊನೊ ಹರುಓಮಿ, ಗಿಟಾರಿನಲ್ಲಿ ಸುಝುಕಿ ಶಿಗೆರು, ಡ್ರಮ್ಸ್‌ನಲ್ಲಿ ಹಯಾಶಿ ತತ್ಸುಓ, ಕೀಬೋರ್ಡ್‌ನಲ್ಲಿ ಮತ್ಸುತೋಯಾ ಮಸತಾಕ. ‘ಕ್ಯಾರಮೆಲ್ ಮಾಮಾ’ ಎಂಬ ಹೆಸರಿನ ಈ ನಾಲ್ವರು ಆ ಕಾಲದ ಜಪಾನೀ ಪಾಪ್ ಸಂಗೀತದ ಸ್ವರೂಪವನ್ನೇ ಬದಲಿಸಿದರು. ಮಸತಾಕ ಅವರನ್ನು ಯೂಮಿ 1976ರ ನವೆಂಬರಿನಲ್ಲಿ ಮದುವೆಯಾದರು. ಅಂದಿನಿಂದ ಇಂದಿನವರೆಗೆ ಅವರ ಹಾಡುಗಳ ವಾದ್ಯಸಂಯೋಜನೆಯ ಹೊಣೆ ಪತಿಯದೇ.

ಈಗ ಹಾಡುಗಳಿಗೆ ಬರೋಣ. ಆಯ್ದ ಹಾಡುಗಳ ಸಂಕಲನದಿಂದ ತೊಡಗಬೇಡಿ. ಅಂಥ ಸಂಕಲನಗಳಲ್ಲಿ 1974ರ ಪಿಯಾನೋ ಹಾಡಿನ ಪಕ್ಕದಲ್ಲೇ 1988ರ ಸಿಂಥಸೈಜರ್ ಹಾಡು ಬಂದು ಕೂತು, ಎರಡಕ್ಕೂ ಅನ್ಯಾಯವಾಗುತ್ತದೆ. 1974ರ ಅಕ್ಟೋಬರಿನಲ್ಲಿ ಬಂದ ಎರಡನೆಯ ಆಲ್ಬಂ ‘ಮಿಸ್‌ಲಿಮ್’ ಅನ್ನು ಆದಿಯಿಂದ ಅಂತ್ಯದವರೆಗೆ ಕೇಳಿ. ನೀವು ಮೆಚ್ಚಿದ ಕಿಕಿ ಚಿತ್ರದ ಕೊನೆಯ ಹಾಡು ‘ಯಸಶಿಸ ನಿ ತ್ಸುತ್ಸುಮರೆತ ನರ’ ಇದರಲ್ಲೇ ಇದೆ. ಅದು ಚಿತ್ರಕ್ಕಾಗಿ ಬರೆದ ಹಾಡಲ್ಲ. ಚಿತ್ರ ಬಂದದ್ದು 1989ರಲ್ಲಿ. ಹಾಡು ಅದಕ್ಕಿಂತ ಹದಿನೈದು ವರ್ಷ ಹಳೆಯದು, ಮೊದಲು ಬಳಕೆಯಾದದ್ದು ಮಿಠಾಯಿಯ ಜಾಹೀರಾತಿಗೆ. ಒಂಟಿ ರೆಕಾರ್ಡಾಗಿ ಬಂದ ರೂಪ ಬೇರೆ, ಆಲ್ಬಂನ ರೂಪ ಬೇರೆ. ಚಿತ್ರದಲ್ಲಿರುವುದು ಗಿಟಾರ್ ಹಗುರವಾಗಿ ಓಡುವ ಆಲ್ಬಂನ ರೂಪ. ಪರದೆ ಸರಿಸಿದಾಗ ಒಳಬರುವ ಬೆಳಗಿನ ಬಿಸಿಲು, ಗಾರ್ಡೇನಿಯಾ ಹೂವಿನ ವಾಸನೆ, ಮಗುವಾಗಿದ್ದಾಗ ದೇವರು ಇದ್ದನೆಂಬ ಸರಳ ನಂಬಿಕೆ, ಇಷ್ಟರಲ್ಲೇ ಹಾಡು ಮುಗಿಯುತ್ತದೆ. ನಿಮ್ಮ ಹಂತದ ಜಪಾನೀ ಭಾಷೆಗೆ ಇದರ ವಾಕ್ಯಗಳು ಬಹುಪಾಲು ನಿಲುಕುತ್ತವೆ.

ಅದೇ ಆಲ್ಬಂನ ‘ಉಮಿ ಒ ಮಿತೆಇತ ಗೊಗೊ’ ಎಂಬ ಹಾಡು, ನನ್ನ ಅಭಿಪ್ರಾಯದಲ್ಲಿ, ಅವರ ಇಡೀ ಪ್ರತಿಭೆಯನ್ನು ಅತ್ಯಂತ ಕಡಿಮೆ ಜಾಗದಲ್ಲಿ ತೋರಿಸುವ ಹಾಡು. ಯೊಕೊಹಾಮಾದ ನೆಗಿಶಿ ಬಳಿಯ ಗುಡ್ಡದ ಮೇಲೆ ‘ಡಾಲ್ಫಿನ್’ ಎಂಬ ರೆಸ್ಟೋರೆಂಟ್ ಇದೆ. ಹಾಡು ಅದನ್ನು ಹೆಸರಿಟ್ಟೇ ಕರೆಯುತ್ತದೆ. ಒಬ್ಬಳು ಅಲ್ಲಿ ಕಿಟಕಿಯ ಬಳಿ ಒಬ್ಬಳೇ ಕೂತಿದ್ದಾಳೆ. ಹಿಂದೆ ಅವನ ಜೊತೆ ಬಂದಿದ್ದ ಜಾಗ. ಎದುರಿಗೆ ಸೋಡಾ ತುಂಬಿದ ಲೋಟವಿದೆ, ಅದರಾಚೆ ಸಮುದ್ರ. ದೂರದ ಸರಕು ಹಡಗೊಂದು ಲೋಟದ ಸೋಡಾದೊಳಗೇ ಸಾಗಿಹೋಗುವಂತೆ ಕಾಣುತ್ತದೆ. ಚಿತ್ರಕಲೆ ಕಲಿತವರು ಮಾತ್ರ ಇದನ್ನು ಹೀಗೆ ನೋಡಬಲ್ಲರು: ಹತ್ತಿರದ ಗಾಜು ಮತ್ತು ದೂರದ ಹಡಗು ಎರಡನ್ನೂ ಒಂದೇ ಸಮತಲಕ್ಕೆ ತಂದು, ಆ ಹಡಗು ಎಷ್ಟು ಸಣ್ಣದಾಗಿ ಕಾಣುತ್ತದೆಂಬುದರಿಂದಲೇ ಕಾಲ ಎಷ್ಟು ದೂರ ಸರಿದಿದೆಯೆಂದು ಹೇಳಿಬಿಡುವುದು. ಆಮೇಲೆ ಬರುವ ಕಾಗದದ ಕರವಸ್ತ್ರದ ಮೇಲೆ ಶಾಯಿ ಹರಡುವ ಚಿತ್ರವೂ ಅಷ್ಟೇ ನಿಖರವಾದುದು, ಮರೆಯಬೇಡ ಎಂದು ಬರೆಯಲು ಹೊರಟರೆ ಅಕ್ಷರವೇ ನಿಲ್ಲುವುದಿಲ್ಲ. ಅತ್ತಳೆಂದು ಎಲ್ಲಿಯೂ ಒತ್ತಿ ಹೇಳುವುದಿಲ್ಲ. ಹಾಡಿನ ಅಭಿಮಾನಿಗಳು ಇಂದಿಗೂ ಆ ಗುಡ್ಡ ಹತ್ತಿ ಸೋಡಾ ತರಿಸಿಕೊಳ್ಳುತ್ತಾರೆ. ವಾದ್ಯಗಳು ಬಹಳ ಕಡಿಮೆ, ಲಯ ನಿಧಾನ. ಹೆಡ್‌ಫೋನ್ ಹಾಕಿಕೊಂಡು ಕೇಳುವುದು ಒಳ್ಳೆಯದು.

ಅಲ್ಲಿಂದಲೇ ‘ಹಿತೊಮಿ ಒ ತೊಜಿತೆ’ಗೆ ಹೋಗಿ. ಇದರ ಹಿಂದೆ ನಡೆದ ಸಂಗತಿಯೊಂದಿದೆ. ನಾಗಸಾಕಿ ಪ್ರಾಂತ್ಯದ ಗೊತೊ ದ್ವೀಪಸಮೂಹದಲ್ಲಿ ನರು ಎಂಬ ಸಣ್ಣ ದ್ವೀಪ. ಅಲ್ಲಿದ್ದ ಪ್ರೌಢಶಾಲೆ ಬೇರೊಂದು ಶಾಲೆಯ ಶಾಖೆಯಾಗಿದ್ದುದರಿಂದ ಅದಕ್ಕೆ ತನ್ನದೇ ಆದ ಶಾಲಾಗೀತೆ ಇರಲಿಲ್ಲ. ನಮ್ಮ ಶಾಲೆಗೊಂದು ಹಾಡು ಬರೆದುಕೊಡಿ ಎಂದು ಅಲ್ಲಿನ ವಿದ್ಯಾರ್ಥಿನಿಯೊಬ್ಬಳು ಮಧ್ಯರಾತ್ರಿಯ ರೇಡಿಯೋ ಕಾರ್ಯಕ್ರಮಕ್ಕೆ ಪತ್ರ ಹಾಕಿದಳು. ಅದಕ್ಕೆ ಉತ್ತರವಾಗಿ ಯೂಮಿ ಈ ಹಾಡು ಕಟ್ಟಿದರು. ಗಾಳಿ ನಿಂತ ಮೇಲೆ ದೋಣಿಯಲ್ಲಿ ಸಮುದ್ರಕ್ಕೆ ಹೋಗಿ, ಪತ್ರ ತುಂಬಿದ ಗಾಜಿನ ಸೀಸೆಯನ್ನು ನೀರಿಗೆ ಬಿಡುವುದು. ದ್ವೀಪ ಬಿಟ್ಟು ದೂರ ಹೋದ ಗೆಳೆಯರಿಗೆ ಅಲೆಗಳ ಸದ್ದು ಇನ್ನೊಮ್ಮೆ ತಲುಪಲಿ ಎಂದು ಬಯಸುವುದು, ಇಷ್ಟೇ ಅದರ ವಸ್ತು. ಓದು ಮುಗಿಸಿದವರು ಕೆಲಸಕ್ಕಾಗಿ ಊರು ಬಿಡಲೇಬೇಕಾದ ದ್ವೀಪದಲ್ಲಿ ಇದಕ್ಕಿಂತ ತಕ್ಕ ಶಾಲಾಗೀತೆ ಇರಲಾರದು. ಅಧಿಕೃತ ಶಾಲಾಗೀತೆಯಾಗದಿದ್ದರೂ ಶಾಲೆಯ ಮಕ್ಕಳು ಅದನ್ನು ತಮ್ಮದನ್ನಾಗಿ ಮಾಡಿಕೊಂಡರು. 1988ರಲ್ಲಿ ಅಲ್ಲಿ ಆ ಹಾಡಿನ ಸ್ಮಾರಕಶಿಲೆಯೂ ನಿಂತಿತು. ಭಾಷೆ ಕಲಿಯುವವರಿಗೆ ಪಾಠವಾಗಿ ಇದನ್ನೇ ನಾನು ಮೊದಲು ಕೊಡುತ್ತೇನೆ. ಉಚ್ಚಾರ ಸ್ಪಷ್ಟ, ವಾಕ್ಯ ಸಣ್ಣವು, ಮಕ್ಕಳು ಹಾಡುವುದಕ್ಕೆಂದೇ ರಾಗ ಸುಲಭ.

‘ದಿ ವಿಂಡ್ ರೈಸಸ್’ ಚಿತ್ರದ ಕೊನೆಯಲ್ಲಿ ನೀವು ಕೇಳಿದ್ದು ಮೊದಲ ಆಲ್ಬಂನ ಹೆಸರಿನದೇ ಹಾಡು, ‘ಹಿಕೋಕಿಗುಮೊ’. ವಿಮಾನ ಹಾದುಹೋದ ಮೇಲೆ ಆಕಾಶದಲ್ಲಿ ಉಳಿಯುವ ಬಿಳಿಯ ಗೆರೆ ಅದರ ವಸ್ತು. ಚಿಕ್ಕ ಶಾಲೆಯಲ್ಲಿ ಜೊತೆಗೆ ಓದಿದ್ದ, ಸ್ನಾಯುಗಳು ಕ್ಷೀಣಿಸುವ ಕಾಯಿಲೆಯಿದ್ದ ಹುಡುಗನೊಬ್ಬ ಹದಿಹರೆಯದಲ್ಲೇ ತೀರಿಕೊಂಡದ್ದು ಈ ಹಾಡಿಗೆ ಮೂಲ. ಸಾವಿನ ಹಾಡಾದರೂ ಇದು ಪಾಶ್ಚಾತ್ಯ ಸಂಗೀತದಲ್ಲಿ ಸಾಮಾನ್ಯವಾಗಿ ಉಲ್ಲಾಸಕ್ಕೆ ಬಳಸುವ ಮೇಜರ್ ಸ್ವರಶ್ರೇಣಿಯಲ್ಲಿದೆ, ಎಲ್ಲಿಯೂ ಗೋಳಿಲ್ಲ. ಆ ಮಗು ಆಕಾಶಕ್ಕೆ ಏರಿಹೋಯಿತು, ಅದರ ಮನಸ್ಸಿನಲ್ಲಿ ಏನಿತ್ತೆಂದು ಬೇರೆಯವರಿಗೆ ತಿಳಿಯದು, ಎಂದು ಹೇಳಿ ಸುಮ್ಮನಾಗುತ್ತದೆ. ಹದಿಹರೆಯದ ಹುಡುಗಿ ಬರೆದದ್ದನ್ನು, ವಿಮಾನ ಕಟ್ಟುವವನೊಬ್ಬನ ಕಥೆಗೆ 2013ರಲ್ಲಿ, ಆಲ್ಬಂ ಬಂದು ನಲವತ್ತು ವರ್ಷವಾದ ಮೇಲೆ, ಒಂದಕ್ಷರ ಬದಲಿಸದೆ ಬಳಸಿಕೊಂಡರೆಂಬುದು ಸಣ್ಣ ಮಾತಲ್ಲ. ಆ ಆಲ್ಬಂನ ಉಳಿದ ಹಾಡುಗಳಲ್ಲಿ ಮಳೆಯೂ ಮೋಡವೂ ಸ್ವಲ್ಪ ಹೆಚ್ಚಾಯಿತು ಎಂದು ನನಗೆ ಅನ್ನಿಸಿದ್ದುಂಟು. ಆದರೂ ‘ವೆಲ್ವೆಟ್ ಈಸ್ಟರ್’ ಹಾಡಿನ ಪಿಯಾನೋವನ್ನು ತಪ್ಪಿಸಿಕೊಳ್ಳಬೇಡಿ.

ಪುಟ್ಟ ಮಾಟಗಾತಿ ಕಿಕಿ ಪೊರಕೆಯ ಮೇಲೆ ಮನೆಬಿಟ್ಟು ಹೊರಟಾಗ ರೇಡಿಯೋದಲ್ಲಿ ಬರುವ ಹಾಡು ‘ರೂಜು ನೊ ದೆಂಗೊನ್’, 1975ರದ್ದು. ಮಕ್ಕಳ ಚಿತ್ರದಲ್ಲಿ ಇದನ್ನು ಇಟ್ಟಿರುವುದರಲ್ಲಿ ಒಂದು ತುಂಟತನವಿದೆ. ಹಾಡಿನ ಹೆಂಗಸು ತನ್ನವನ ಚಂಚಲ ಬುದ್ಧಿಗೆ ಬೇಸತ್ತು, ಬಚ್ಚಲುಮನೆಯಲ್ಲಿ ತುಟಿಬಣ್ಣದಿಂದ ಎಚ್ಚರಿಕೆ ಬರೆದಿಟ್ಟು, ರೈಲು ಹತ್ತಿ ಅವನ ತಾಯಿಯ ಊರಿಗೆ ಹೊರಟಿದ್ದಾಳೆ. ಹೋಗಿ ದೂರು ಹೇಳಿದರೆ ಅವನಿಗೆ ಫೋನಿನಲ್ಲಿ ತಾಯಿಯಿಂದಲೇ ಬೈಗಳು ಬೀಳುತ್ತದೆಂಬ ಲೆಕ್ಕ. ನಮ್ಮ ಮನೆಗಳಲ್ಲೂ ಗಂಡನ ಮೇಲೆ ಅತ್ತೆಗೇ ದೂರು ಒಯ್ಯುವ ಜಾಣೆಯರು ಇದ್ದಾರಾದ್ದರಿಂದ ಕನ್ನಡದ ಕೇಳುಗರಿಗೆ ಟಿಪ್ಪಣಿ ಬೇಕಿಲ್ಲ. ಹಳೆಯ ಅಮೆರಿಕನ್ ಪಾಪ್ ಹಾಡುಗಳ ಧಾಟಿಯನ್ನು ಬೇಕೆಂದೇ ಎತ್ತಿಕೊಂಡಿದ್ದಾರೆ. ಹಿಂದಿನಿಂದ ಕೇಳುವ ಸಮೂಹದನಿಗಳಲ್ಲಿ ಯಮಶಿತಾ ತತ್ಸುರೋ, ಓನುಕಿ ತಾಯೆಕೊ, ಯೊಶಿದಾ ಮಿನಾಕೊ ಇದ್ದಾರೆ, ಮೂವರೂ ಮುಂದೆ ಸ್ವಂತ ಹಾಡುಗಳಿಂದ ಹೆಸರಾದವರು.

ಅದೇ ವರ್ಷದ ‘ಕೋಬಾಲ್ಟ್ ಅವರ್’ ಆಲ್ಬಂನಲ್ಲಿ ‘ಸೊತ್ಸುಗ್ಯೋ ಶಾಶಿನ್’ ಇದೆ. ಜಪಾನಿನಲ್ಲಿ ಮಾರ್ಚ್ ತಿಂಗಳು ಬಂತೆಂದರೆ, ಅಂದರೆ ಶಾಲೆಗಳಲ್ಲಿ ಬೀಳ್ಕೊಡುಗೆ ನಡೆಯುವ ಕಾಲಕ್ಕೆ, ಎಲ್ಲಿ ನೋಡಿದರಲ್ಲಿ ಈ ಹಾಡು ಕೇಳುತ್ತದೆ. ದುಃಖವಾದಾಗಲೆಲ್ಲ ಚರ್ಮದ ಹೊದಿಕೆಯ ಶಾಲಾ ಆಲ್ಬಂ ತೆರೆಯುವ ಒಬ್ಬಳು, ಅದರಲ್ಲಿರುವ ವ್ಯಕ್ತಿಯನ್ನು ಒಂದು ದಿನ ಬೀದಿಯಲ್ಲಿ ಕಂಡರೂ ಮಾತಾಡಿಸಲಾರಳು. ಕಾರಣ ವಿಚಿತ್ರವಾದುದು: ಆ ವ್ಯಕ್ತಿ ಫೋಟೋದಲ್ಲಿದ್ದಂತೆಯೇ ಇದ್ದರು. ಬದಲಾದವಳು ತಾನು ಎಂಬ ನಾಚಿಕೆಯನ್ನು ಇಷ್ಟು ಓರೆಯಾಗಿ ಹೇಳಿದ ಹಾಡು ನನಗೆ ಬೇರೆ ಗೊತ್ತಿಲ್ಲ. ಅದಾದ ಮೇಲೆ ಅದೇ ವರ್ಷದ ಅಕ್ಟೋಬರಿನ ‘ಅನೊ ಹಿ ನಿ ಕಾಎರಿತಾಯ್’ ಕೇಳಿ. ಅಳುತ್ತ ಹರಿದುಹಾಕಿದ ಫೋಟೋದ ಚೂರುಗಳನ್ನು ಅಂಗೈ ಮೇಲೆ ಜೋಡಿಸಿ ನೋಡುವ ದೃಶ್ಯದಿಂದ ಅದು ಆರಂಭವಾಗುತ್ತದೆ. ತಾಳ ಮಾತ್ರ ಬ್ರೆಜಿಲ್‌ನ ಬೊಸಾನೋವಾ, ಸಮುದ್ರತೀರದಲ್ಲಿ ಓಡಾಡಿಕೊಂಡಿರುವಷ್ಟು ನಿರಾಳ. ಟೆಲಿವಿಷನ್ ಧಾರಾವಾಹಿಯೊಂದಕ್ಕೆ ಬಳಕೆಯಾದ ಈ ಹಾಡು ಜಪಾನಿನ ರೆಕಾರ್ಡ್‌ಗಳ ಒರಿಕಾನ್ ಮಾರಾಟಪಟ್ಟಿಯಲ್ಲಿ ಅವರಿಗೆ ಮೊದಲ ಬಾರಿ ಒಂದನೆಯ ಸ್ಥಾನ ತಂದಿತು.

ಪೈಪ್ ಆರ್ಗನ್ ಬಗ್ಗೆ ಮೇಲೆ ಹೇಳಿದ್ದು ಬರಿಯ ಮಾತಲ್ಲವೆಂಬುದಕ್ಕೆ 1976ರ ‘ಕಗೆರಿ ಯುಕು ಹೆಯಾ’ ಸಾಕ್ಷಿ. ಇದಕ್ಕಾಗಿ ಟೋಕಿಯೋದ ಸೇಂಟ್ ಮೇರಿ ಕ್ಯಾಥೆಡ್ರಲ್‌ನ ಪೈಪ್ ಆರ್ಗನ್ನನ್ನೇ ನುಡಿಸಿ ಧ್ವನಿಮುದ್ರಿಸಿಕೊಂಡರು. ವಾಸ್ತುಶಿಲ್ಪಿ ತಂಗೆ ಕೆಂಝೊ ಅವರು ಕಟ್ಟಿದ, ಕಾಂಕ್ರೀಟಿನ ಎತ್ತರದ ಗೋಡೆಗಳ ಆ ಚರ್ಚಿನಲ್ಲಿ ನಾದ ಬೇಗ ಅಡಗುವುದಿಲ್ಲ. ಸಂಜೆ ಕತ್ತಲಾಗುತ್ತಿರುವ ಕೋಣೆಯಲ್ಲಿ ಪ್ರೀತಿ ಮುಗಿದುಹೋಗುವ ಹಾಡಿಗೆ ಅಷ್ಟು ದೊಡ್ಡ ಆರ್ಗನ್ ಅತಿಯಾಯಿತೆಂದು ಕೆಲವರಿಗೆ ಅನ್ನಿಸಬಹುದು. ನನಗೆ ಹಾಗೆನ್ನಿಸುವುದಿಲ್ಲ, ಮನೆಯ ಹಿರಿಯರಿಗೆ ಒಂದೇ ಹಾಡು ಕೇಳಿಸುವ ಅವಕಾಶವಿದ್ದರೆ ಇದನ್ನೇ ಕೇಳಿಸಿ.

ಇದೇ ವರ್ಷದ ಕೊನೆಗೆ ಬಂದ ‘14-ಬಾನ್‌ಮೆ ನೊ ತ್ಸುಕಿ’ ಆಲ್ಬಂನಲ್ಲಿ ‘ಚೂಓ ಫ್ರೀವೇ’ ಇದೆ. ಈಚೆಗೆ ಎಲ್ಲರೂ ‘ಸಿಟಿ ಪಾಪ್’ ಎಂಬ ಹೆಸರಿನಡಿ, ಅಂದರೆ ಆ ಕಾಲದ ನಗರಜೀವನದ ನವಿರಾದ ಪಾಪ್ ಎಂದು, ಹಂಚಿಕೊಳ್ಳುತ್ತಿರುವ ಹಾಡು ಇದು. ಟೋಕಿಯೋ ನಗರದಿಂದ ಪಶ್ಚಿಮಕ್ಕೆ, ಅವರ ಹುಟ್ಟೂರು ಹಚಿಓಜಿಯ ಕಡೆಗೆ ಹೋಗುವ ಚೂಓ ಹೆದ್ದಾರಿಯಲ್ಲಿ ಸಂಜೆ ಕಾರಿನಲ್ಲಿ ಸಾಗುವುದು ಇದರ ವಸ್ತು. ಚೋಫುವಿನ ಸೇನಾನೆಲೆ ದಾಟಿದ ಮೇಲೆ ಬಲಕ್ಕೆ ಕುದುರೆ ಜೂಜಿನ ಮೈದಾನ, ಎಡಕ್ಕೆ ಬಿಯರ್ ಕಾರ್ಖಾನೆ ಎಂದು ಹಾಡು ದಾರಿಯ ಗುರುತು ಹೇಳುತ್ತದೆ. ಫುಚು ಊರಿನ ರೇಸ್‌ಕೋರ್ಸ್ ಮತ್ತು ಸಂಟೋರಿ ಕಾರ್ಖಾನೆ ಇಂದಿಗೂ ಅಲ್ಲೇ ಇವೆ. ಎಡಬಲಗಳು ಹೀಗೆ ಇರಬೇಕಾದರೆ ಕಾರು ಪಶ್ಚಿಮದ ಕಡೆಗೇ ಹೋಗುತ್ತಿರಬೇಕು, ಅಂದರೆ ಅವನು ಅವಳನ್ನು ಮನೆಗೆ ಬಿಡಲು ಹೊರಟಿದ್ದಾನೆ. ಮದುವೆಗೆ ಮುಂಚೆ ಮಸತಾಕ ಅವರು ಯೂಮಿಯನ್ನು ಮನೆಗೆ ಬಿಡುತ್ತಿದ್ದ ದಾರಿ ಇದೇ. ಗಾಳಿಯ ಸದ್ದಿನಲ್ಲಿ ಪ್ರೀತಿಸುತ್ತೇನೆಂದರೂ ಕೇಳಿಸದು, ರಸ್ತೆ ವಿಮಾನದ ಓಡುದಾರಿಯಂತೆ ರಾತ್ರಿಯ ಆಕಾಶಕ್ಕೆ ಹತ್ತಿಹೋಗುತ್ತದೆ. ಸ್ವರಶ್ರೇಣಿ ಇಲ್ಲಿ ಎಷ್ಟು ಸಲ ಮಗ್ಗುಲು ಬದಲಿಸುತ್ತದೆಯೆಂದರೆ, ಸ್ವತಃ ಹಾಡಲು ಹೊರಟವರಿಗಷ್ಟೇ ಅದರ ಕಷ್ಟ ತಿಳಿಯುತ್ತದೆ. ಕೇಳುವವರಿಗೆ ಎಲ್ಲವೂ ನುಣುಪು.

ಮದುವೆಯ ಬಳಿಕ 1977ರಿಂದ ಮತ್ಸುತೋಯಾ ಎಂಬ ಹೆಸರಿನಲ್ಲಿ ಬಂದ ಹಾಡುಗಳ ರಾಶಿ ಬಹಳ ದೊಡ್ಡದು, ಅದರಲ್ಲಿ ಆರಿಸಿಕೊಳ್ಳಲೇಬೇಕು. 1980ರ ದಶಕದಲ್ಲಿ ಅವರು ಜಪಾನಿನ ಸಿರಿವಂತಿಕೆಯ ದಿನಗಳ ಗಾಯಕಿಯಾದರು. 1980ರ ‘ಸರ್ಫ್ ಅಂಡ್ ಸ್ನೋ’ ಆಲ್ಬಂನ ಕ್ರಿಸ್‌ಮಸ್ ಹಾಡೊಂದು 1987ರ ಸ್ಕೀಯಿಂಗ್ ಚಿತ್ರವೊಂದರಿಂದ ದೇಶವೆಲ್ಲ ಹಬ್ಬಿತು. ನಾಎಬಾ ಎಂಬ ಹಿಮಧಾಮದಲ್ಲಿ 1981ರಿಂದ ಚಳಿಗಾಲದ ಕಚೇರಿ ನಡೆಸುವುದು ಪದ್ಧತಿಯಾಯಿತು. 1990ರ ‘ತೆಂಗೊಕು ನೊ ಡೋರ್’ 20 ಲಕ್ಷ ಪ್ರತಿ ದಾಟಿತು. ಇವೆಲ್ಲ ದೊಡ್ಡ ಸಂಗತಿಗಳೇ. ಆದರೆ ಆ ದಶಕದ ನಡುಭಾಗದ ಆಲ್ಬಂಗಳ ಯಂತ್ರವಾದ್ಯಗಳ ಸದ್ದು ಈಗ ಕಿವಿಗೆ ಹಳತಾಗಿ ಕೇಳುತ್ತದೆ. ಹೊಸಬರು ಅಲ್ಲಿಂದ ತೊಡಗಿದರೆ ಹಾಡಿನ ಕಟ್ಟಡ ಕಾಣದೆ ಬಣ್ಣ ಮಾತ್ರ ಕಂಡೀತು. ಆದ್ದರಿಂದ ಆ ಕಾಲದಿಂದ ಎಚ್ಚರಿಕೆಯಿಂದ ಮೊದಲು ಎರಡನ್ನು ಎತ್ತಿಕೊಳ್ಳಿ: 1979ರ ‘ಡೆಸ್ಟಿನಿ’ ಮತ್ತು 1981ರ ‘ಮಮೊತ್ತೆ ಅಗೆತಾಯ್’. ಎರಡನೆಯದು ಸರಳ ಪ್ರೇಮಗೀತೆ, ವಿವರಣೆ ಬೇಡದ್ದು. ಮೊದಲನೆಯದು ಬೇರೆಯೇ ಜಾತಿ. ತನ್ನನ್ನು ಬಿಟ್ಟುಹೋದವನು ಎಂದಾದರೂ ಎದುರಾದರೆ ಪಶ್ಚಾತ್ತಾಪಪಡುವಂತೆ ಕಾಣಬೇಕೆಂದು ಒಬ್ಬಳು ಎಲ್ಲಿಗೆ ಹೋದರೂ ಅಲಂಕರಿಸಿಕೊಂಡೇ ಹೋಗುತ್ತಿದ್ದಳು. ಕೊನೆಗೂ ಅವನು ಎದುರಾದ ದಿನ ಅವಳ ಕಾಲಲ್ಲಿದ್ದುದು ಅಗ್ಗದ ಚಪ್ಪಲಿ. ಹಾಡು ನಗುವುದೂ ಇಲ್ಲ, ಅಳುವುದೂ ಇಲ್ಲ, ಓಡುವ ಲಯದಲ್ಲಿ ಅದನ್ನು ಹೇಳಿ ಮುಂದೆ ಹೋಗುತ್ತದೆ. ಇದರ ಜೋಡಿಯಾಗಿ 1982ರ ‘ಶಿಂಜು ನೊ ಪಿಯಸು’ವನ್ನು ಕೇಳಬೇಕು. ಸಂಬಂಧ ಮುಗಿಯುವ ಬೆಳಗು ಆಕೆ ಮುತ್ತಿನ ಓಲೆಗಳಲ್ಲಿ ಒಂದನ್ನು ಬೇಕೆಂದೇ ಅವನ ಮಂಚದ ಕೆಳಗೆ ಹಾಕಿ ಬರುತ್ತಾಳೆ. ಮುಂದೆ ಎಂದೋ ಮನೆ ಬದಲಿಸುವಾಗ ಇನ್ನೊಬ್ಬಳ ಕೈಗೆ ಅದು ಸಿಗಲಿ ಎಂಬ ಆಸೆ. ಇಷ್ಟು ಶಾಂತವಾಗಿ ಹಾಡಿದ ಸೇಡು ಪಾಪ್ ಸಂಗೀತದಲ್ಲಿ ಅಪರೂಪ. ನೇರ ದನಿಯ ಪ್ರಯೋಜನವೇನೆಂದು ಕೇಳುವವರಿಗೆ ಈ ಹಾಡೊಂದೇ ಸಾಕಾದ ಉತ್ತರ.

1994ರಲ್ಲಿ ಬಂದ ‘ಹರು ಯೊ, ಕೊಇ’ ಬಹುಶಃ ಇಂದಿನ ಜಪಾನೀಯರಿಗೆ ಅವರ ಅತಿ ಪರಿಚಿತ ಹಾಡು. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ವಾಹಿನಿಯ ಅದೇ ಹೆಸರಿನ ಬೆಳಗಿನ ಧಾರಾವಾಹಿಗಾಗಿ ಬರೆದದ್ದು, ಮುಂದೆ ಶಾಲೆಯ ಸಂಗೀತಪಠ್ಯಗಳಿಗೂ ಬಂತು. 2011ರ ಭೂಕಂಪ ಮತ್ತು ಸುನಾಮಿಯ ನಂತರ ನೆರವಿನ ಹಣ ಕೂಡಿಸಲು ಇದರ ಸಾಮೂಹಿಕ ರೂಪವೊಂದನ್ನು ಸಿದ್ಧಪಡಿಸಿದರು. ಐಸ್ ಸ್ಕೇಟಿಂಗ್ ಪಟು ಹನ್ಯು ಯುಝುರು 2022ರ ಬೀಜಿಂಗ್ ಒಲಿಂಪಿಕ್ಸ್‌ನ ಪ್ರದರ್ಶನದಲ್ಲಿ ಇದರ ಪಿಯಾನೋ ರೂಪಕ್ಕೆ ಕುಣಿದದ್ದನ್ನು ನೀವು ನೋಡಿರಲೂಬಹುದು. ಹಠಾತ್ತನೆ ಬಂದ ಮಳೆ, ತೆಳುವಾದ ಬೆಳಕು, ಡಾಫ್ನೆ ಹೂವಿನ ಪರಿಮಳದಲ್ಲಿ ನೆನಪಾಗುವ ಮುಖ. ಆದರೆ ಇದನ್ನು ಭಾಷಾಭ್ಯಾಸಕ್ಕೆ ಸದ್ಯ ಬಳಸಬೇಡಿ, ಏಕೆಂದರೆ ಸಾಹಿತ್ಯ ಹಳೆಯ ಗ್ರಾಂಥಿಕ ಜಪಾನೀ ಭಾಷೆಯಲ್ಲಿದೆ. ನೀವು ತರಗತಿಯಲ್ಲಿ ಕಲಿತ ಕ್ರಿಯಾಪದ ಮತ್ತು ವಿಶೇಷಣಗಳ ರೂಪಗಳನ್ನು ಇಲ್ಲಿ ಹುಡುಕಲು ಹೋದರೆ ಗೊಂದಲವೇ ಹೆಚ್ಚು. ಎನ್-2 ಹಂತ ದಾಟಿದ ಮೇಲೆ ಮರಳಿ ಬನ್ನಿ.

ಯೂಮಿಂಗ್ ಹಾಡುಗಳ ಪಟ್ಟಿ ಅವರು ತಾವೇ ಹಾಡಿದವುಗಳೊಂದಿಗೆ ಮುಗಿಯುವುದಿಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ. ಬೇರೆಯವರು ಹಾಡಲಿ ಎಂಬ ಅವರ ಮೊದಲಿನ ಆಸೆಯೂ ಕೈಗೂಡಿತು. 1975ರಲ್ಲಿ ಬಾನ್‌ಬಾನ್ ಎಂಬ ತಂಡ ಹಾಡಿದ ‘ಇಚಿಗೊ ಹಕುಶೊ ಒ ಮೋ ಇಚಿದೊ’ ವಿದ್ಯಾರ್ಥಿ ಚಳವಳಿಯ ಬಗ್ಗೆ ಜಪಾನಿನಲ್ಲಿ ಬಂದ ಅತ್ಯುತ್ತಮ ಹಾಡುಗಳಲ್ಲಿ ಒಂದು. ಚಳವಳಿಯ ಕಾಲದಲ್ಲಿ ಗೆಳತಿಯೊಂದಿಗೆ ನೋಡಿದ್ದ ಅಮೆರಿಕನ್ ಚಿತ್ರ ಮತ್ತೆ ಊರಿಗೆ ಬಂದಿದೆ. ಕೆಲಸ ಸಿಕ್ಕಿತೆಂದು ಉದ್ದ ಕೂದಲು ಕತ್ತರಿಸಿಕೊಂಡ ದಿನ, ನಾವಿನ್ನು ಹುಡುಗರಲ್ಲವೆಂದು ಅವಳಿಗೆ ನೆಪ ಹೇಳಿದ್ದನ್ನು ಅವನು ನೆನೆಯುತ್ತಾನೆ. ಒಂದು ಪೀಳಿಗೆಯ ಸೋಲನ್ನು ಕ್ಷೌರದ ಅಂಗಡಿಯೊಳಗೆ ತಂದಿಟ್ಟಿದ್ದಾರೆ, ಘೋಷಣೆಯ ಒಂದು ಸಾಲೂ ಇಲ್ಲ. 1980ರ ದಶಕದಲ್ಲಿ ನಟಿ ಗ್ರೇಟಾ ಗಾರ್ಬೋ ಹೆಸರನ್ನು ತಿರುಚಿ ‘ಕುರೆತ ಕರುಹೊ’ ಎಂಬ ಗುಪ್ತನಾಮದಲ್ಲಿ ಬೇರೆಯವರಿಗೆ ರಾಗಸಂಯೋಜನೆ ಮಾಡಿದರು. ಮತ್ಸುದಾ ಸೆಯ್ಕೊ ಹಾಡಿದ 1982ರ ‘ಅಕಾಯ್ ಸ್ವೀಟ್ ಪೀ’, ಯಕುಶಿಮಾರು ಹಿರೊಕೊ ಹಾಡಿದ 1984ರ ‘ವುಮನ್’ ಎರಡೂ ಆ ಹೆಸರಿನವು. ಇವುಗಳ ಸಾಹಿತ್ಯ ಮತ್ಸುಮೊತೊ ತಕಾಶಿ ಅವರದು, ಆದ್ದರಿಂದ ಯೂಮಿಯ ರಾಗದ ಶಕ್ತಿಯನ್ನು ಅವರ ಮಾತಿನಿಂದ ಬೇರ್ಪಡಿಸಿ ಕೇಳಲು ಇವು ಒಳ್ಳೆಯ ಅವಕಾಶ. ‘ವುಮನ್’ ಹಾಡನ್ನಂತೂ ಅವರ ಸ್ವಂತ ಹಾಡುಗಳ ಅನೇಕವುಗಳಿಗಿಂತ ಮೇಲಿಡುತ್ತೇನೆ.

ಸಿಗುವುದು ಎಲ್ಲಿ ಎಂಬುದು ಈಗ ದೊಡ್ಡ ಪ್ರಶ್ನೆಯಲ್ಲ. 2018ರ ಸೆಪ್ಟೆಂಬರಿನಲ್ಲಿ ಅಲ್ಲಿಯವರೆಗಿನ 424 ಹಾಡುಗಳನ್ನೂ ಒಮ್ಮೆಗೇ ಸ್ಟ್ರೀಮಿಂಗ್ ಸೇವೆಗಳಿಗೆ ಬಿಡಲಾಯಿತು. ಅರಾಯ್ ಮತ್ತು ಮತ್ಸುತೋಯಾ ಎಂಬ ಎರಡು ಹೆಸರುಗಳಲ್ಲೂ ಹುಡುಕಿ. ಒಂದು ಹಾಡಿಗೆ ಎರಡು ಮೂರು ರೂಪಗಳು ಕಂಡರೆ, ಮೊದಲ ಆಲ್ಬಂಗಳ ಮಟ್ಟಿಗೆ, ಹಳೆಯ ಆಲ್ಬಂನಲ್ಲಿರುವುದನ್ನೇ ಆರಿಸಿಕೊಳ್ಳಿ. ಸಾಹಿತ್ಯವನ್ನು ಮೊದಲ ಸಲ ಕೇಳುವಾಗಲೇ ಎದುರಿಗಿಟ್ಟುಕೊಳ್ಳಬೇಡಿ. ಎರಡನೆಯ ಸಲ ಇಟ್ಟುಕೊಂಡು, ಹಾಡಿನಲ್ಲಿ ಬರುವ ನಾಮಪದಗಳನ್ನಷ್ಟೇ ಗುರುತು ಹಾಕಿ, ಕ್ರಿಯಾಪದಗಳು ಆಮೇಲೆ ಬರಲಿ. ಈ ಕವಯಿತ್ರಿಯ ವಿಷಯದಲ್ಲಿ ವಸ್ತುಗಳ ಹೆಸರು ತಿಳಿದರೆ ಅರ್ಧಕ್ಕಿಂತ ಹೆಚ್ಚು ಹಾಡು ತಿಳಿದಂತೆಯೇ.

ವಯಸ್ಸಾದಂತೆ ಅವರ ದನಿ ಸಾಕಷ್ಟು ಬದಲಾಗಿದೆ, ಈಚಿನ ಕಚೇರಿಗಳ ದೃಶ್ಯಗಳಿಂದ ಆರಂಭಿಸಿದವರಿಗೆ ನಿರಾಸೆಯಾಗುವುದುಂಟು. 2022ರಲ್ಲಿ, ಅವರ ಐವತ್ತನೆಯ ವರ್ಷಕ್ಕೆ ಬಂದ ‘ಯೂಮಿಂಗ್ ಬಾನ್‌ಝಾಯ್’ ಸಂಕಲನದಲ್ಲಿ ‘ಕಾಲ್ ಮಿ ಬ್ಯಾಕ್’ ಎಂಬ ಹೊಸ ಹಾಡಿದೆ. ಅದರಲ್ಲಿ ಅರಾಯ್ ಯೂಮಿ ಕಾಲದ ದನಿಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಮರುಸೃಷ್ಟಿಸಿ, ಈಗಿನ ಮತ್ಸುತೋಯಾ ಯೂಮಿಯ ದನಿಯೊಂದಿಗೆ ಜೊತೆಗೂಡಿಸಿದ್ದಾರೆ. ಅದು ಕುತೂಹಲಕ್ಕಷ್ಟೇ ಕೇಳುವ ಹಾಡೆಂದು ನನಗನ್ನಿಸುವುದಿಲ್ಲ; ಆದರೆ ‘ಮಿಸ್‌ಲಿಮ್’ ಮತ್ತು ‘ಶಿಂಜು ನೊ ಪಿಯಸು’ ಎರಡೂ ನಿಮ್ಮ ಕಿವಿಗೆ ಚೆನ್ನಾಗಿ ಹತ್ತುವವರೆಗೆ ಅದನ್ನು ಮುಟ್ಟಬೇಡಿ. ಆ ಎರಡು ದನಿಗಳ ನಡುವಿನ ವ್ಯತ್ಯಾಸ ತಿಳಿಯದವರಿಗೆ ಅದು ಸಾಧಾರಣ ಯುಗಳಗೀತೆಯಾಗಿಯೇ ಕೇಳಿಸುತ್ತದೆ.